ಹುಲಿ ಕಂಬಳಿಯ ಹಿಂದಿನ ಪಿಟೀಲು

ಸಂಗೀತ ಬಾರದವನಿಗಿಂತ ಸ್ವಲ್ಪ ಬರುವವನಿಂದ ಮನೆಯವರಿಗೆ ತೊಂದರೆ ಹೆಚ್ಚು. ಬಾರದವನು ಸುಮ್ಮನಿರುತ್ತಾನೆ. ಚೆನ್ನಾಗಿ ಬರುವವನು ಕಚೇರಿಗೆಂದು ಊರೂರು ತಿರುಗುತ್ತಾನೆ. ಸ್ವಲ್ಪ ಬರುವವನು ಮಾತ್ರ ಸಂಜೆ ಹೊತ್ತು ಮನೆಯಲ್ಲೇ ಇರುತ್ತಾನೆ. ನಾನು ಮನೆಯಲ್ಲೇ ಇರುವವನು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, ಮನೆಗೆ ಬಂದು ಪಿಟೀಲು ಬಾರಿಸುತ್ತಿದ್ದೆ. ಲೆಕ್ಕದ ಮೇಷ್ಟರಿಗೆ ತಾಳ ತಪ್ಪುವುದಿಲ್ಲ ಎಂದು ಜನ ನಂಬುತ್ತಾರೆ. ಅವರು ನಮ್ಮ ಮನೆಗೆ ಬಂದಿಲ್ಲ, ಅಷ್ಟೇ. ನನ್ನ ಹೆಂಡತಿ ಶಾರದೆ ಇದಕ್ಕೊಂದು ಏರ್ಪಾಡು ಮಾಡಿದ್ದಳು. ಅಡುಗೆಮನೆಯಿಂದ "ಕುಕ್ಕರ್ ಇಟ್ಟಿದ್ದೇನೆ, ಇನ್ನು ಬಾರಿಸಿ" ಎಂದು ಕೂಗಿದರೆ ಅದೇ ಅಪ್ಪಣೆ. ಸೀಟಿ ನಿಂತರೆ ನಾನೂ ನಿಲ್ಲಿಸಬೇಕು. ಹಾಗಾಗಿ ಕಡಲೆ ಬೇಯಿಸುವ ದಿನ ನನಗೆ ಹಬ್ಬ.

ಇಂಥ ನನ್ನನ್ನು ಹುಡುಕಿಕೊಂಡು ಸಿನೆಮಾದವನೊಬ್ಬ ಬಂದ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೆಸರು ಲ್ಯಾನ್ಸಿ, ನನ್ನ ಹಳೆಯ ವಿದ್ಯಾರ್ಥಿ. ಮೂಡಬಿದ್ರೆಯಲ್ಲಿ ಮದುವೆಗಳ ವೀಡಿಯೊ ತೆಗೆಯುತ್ತ, ಭಾನುವಾರ ಇಗರ್ಜಿಯ, ಅಂದರೆ ಚರ್ಚಿನ, ಹಾಡಿನ ತಂಡ ನಡೆಸುತ್ತಿದ್ದ. ಬಂಟ್ವಾಳದ ಕಡೆ ಹೊಳೆಗೆ ಸೇತುವೆ ಬಂದ ಮೇಲೆ ಕೆಲಸವಿಲ್ಲದೆ ಕೂತ ದೋಣಿಯವನೊಬ್ಬನ ಕತೆಯನ್ನು ಹೇಗೋ ಸಿನೆಮಾ ಮಾಡಿ ಮುಗಿಸಿದ್ದ. ಕತೆ, ನಿರ್ದೇಶನ, ಸಂಗೀತ ಎಲ್ಲವೂ ಅವನದೇ.

"ಸರ್, ಹಿನ್ನೆಲೆಗೆ ದೊಡ್ಡ ಆರ್ಕೆಸ್ಟ್ರಾ ಬೇಕು. ಮಂಗಳೂರಿನ ಸ್ಟುಡಿಯೊ ನಮ್ಮಿಂದ ಆಗ್ಲಿಕ್ಕಿಲ್ಲ. ನಿಮ್ಮ ಮಾಳಿಗೆಯಲ್ಲಿ ದೊಡ್ಡ ಹಾಲ್ ಉಂಟಲ್ಲ, ಅಲ್ಲಿ ರೆಕಾರ್ಡ್ ಮಾಡುವನಾ?" ಎಂದ.

ಹಾಲ್ ಕೊಡುತ್ತೇನೆ, ಆದರೆ ನಾನೂ ಬಾರಿಸುತ್ತೇನೆ ಎಂದೆ. ಲ್ಯಾನ್ಸಿ ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರನ್ನೇ ನೋಡಿದ. ಆಮೇಲೆ, "ಅದಕ್ಕೆಂತ ಸರ್, ಬಾರಿಸಿ" ಎಂದ. ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಬೀಳಲಿ. ಬದುಕಿನಲ್ಲಿ ಒಂದೇ ಒಂದು ಸಲ ನನ್ನ ಪಿಟೀಲು ಕುಕ್ಕರಿನ ಸಹವಾಸವಿಲ್ಲದೆ ನಾಲ್ಕು ಜನರ ಕಿವಿಗೆ ಬೀಳಬೇಕೆಂಬ ಆಸೆ ನನಗಿತ್ತು.

ರೆಕಾರ್ಡಿಂಗ್ ಯಂತ್ರ ಹೊತ್ತು ಬಂದ ಮಂಗಳೂರಿನವನು ಹಾಲಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಹಲ್ಲುನೋವು ಬಂದವನಂತೆ ಮುಖ ಮಾಡಿದ. ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದಂತೆ. ಸುತ್ತಲೂ ಹಾಸಿಗೆ, ಕಂಬಳಿ ಕಟ್ಟಬೇಕಂತೆ. ಸರಿ, ಆಟೊ ಹಿಡಿದು ನಮ್ಮೂರು ಪುತ್ತಿಗೆಯ ಮನೆಮನೆಗೆ ಹಾಸಿಗೆ ಕೇಳಲು ಹೊರಟೆ. ಎಲ್ಲಿ ಹೋದರೂ ಒಂದೇ ಪ್ರಶ್ನೆ: "ಮದುವೆ ಯಾರದ್ದು ಮಾಷ್ಟ್ರೇ? ನಮಗೆ ಹೇಳಲೇ ಇಲ್ಲ!" ಮದುವೆಯಲ್ಲ, ಆರ್ಕೆಸ್ಟ್ರಾ ಎಂದರೆ, "ಓಹೋ, ಆರ್ಕೆಸ್ಟ್ರಾ ಬೇರೆ ಉಂಟಾ!" ಎಂದು ಮುಖ ಇನ್ನಷ್ಟು ಊದಿಸಿಕೊಂಡರು. ಹಾಸಿಗೆ ಮಲಗಲಿಕ್ಕಲ್ಲ, ಗೋಡೆಗೆ ಎಂದು ವಿವರಿಸಿದ ಮೇಲೆ ಮಾತ್ರ ನನ್ನನ್ನು ಕನಿಕರದಿಂದ ನೋಡಿ ಬೇಗಬೇಗ ಕೊಟ್ಟು ಕಳಿಸಿದರು.

ಕೊನೆಗೆ ಪಕ್ಕದ ಮನೆಯ ಆಸ್ಯಮ್ಮನಲ್ಲಿಗೆ ಹೋದೆ. ಅವರ ಗಂಡ ಸೌದಿಯ ದಮಾಮಿನಲ್ಲಿ ಕೆಲಸದಲ್ಲಿದ್ದರು. ಹಿಂದಿನ ರಜೆಯಲ್ಲಿ ತಂದ ಹುಲಿ ಚಿತ್ರದ ದಪ್ಪ ಕಂಬಳಿ ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಭದ್ರವಾಗಿತ್ತು. ನಮ್ಮ ಸೆಕೆಯಲ್ಲಿ ಅದನ್ನು ಹೊದ್ದರೆ ಮನುಷ್ಯ ಬೆಳಿಗ್ಗೆ ಏಳುವುದು ಕಷ್ಟ. ಆದರೂ ಅದು ಆ ಮನೆಯ ಗೌರವ.

"ಇವರು ಬರುವ ವಾರ ಬರ್ತಾರೆ ಮಾಷ್ಟ್ರೇ. ಬಂದವರು ಮೊದಲು ಕೇಳುವುದೇ ಕಂಬಳಿ" ಎಂದು ಆಸ್ಯಮ್ಮ ಹಿಂದೆಮುಂದೆ ನೋಡಿದರು. ನಂತರ ತಾವೇ ತೆಗೆದು ನನ್ನ ಕೈಗಿಟ್ಟರು. "ತಕೊಳ್ಳಿ. ಆದ್ರೆ ಸಿನೆಮಾದಲ್ಲಿ ನಿಮ್ಮ ಪಿಟೀಲು ನಂಗೆ ಕೇಳಬೇಕು. ಇಷ್ಟು ವರ್ಷ ಕುಕ್ಕರಿನ ಎಡೆಯಲ್ಲಿ ಅರ್ಧರ್ಧ ಕೇಳಿದ್ದಲ್ವಾ?"

ನನ್ನ ಪಿಟೀಲನ್ನು ಪೂರ್ತಿ ಕೇಳಬೇಕೆಂದವರು ಲೋಕದಲ್ಲಿ ಅವರೊಬ್ಬರೇ. ಖಂಡಿತ ಕೇಳುತ್ತದೆ ಎಂದು ಮಾತು ಕೊಟ್ಟೆ.

ಮರುದಿನ ಇಗರ್ಜಿಯ ಪಿಟೀಲಿನವರು, ಕೊಳಲಿನವರು, ಮದುವೆ ಬ್ಯಾಂಡಿನ ಕ್ಲಾರಿನೆಟ್‌ನವರು ಎಲ್ಲ ಬಂದರು. ಲ್ಯಾನ್ಸಿ ಹುಲಿ ಕಂಬಳಿಯನ್ನು ಎರಡು ಪದರ ಮಾಡಿ ಮೂಲೆಯಲ್ಲಿ ಹಗ್ಗಕ್ಕೆ ನೇತುಹಾಕಿ, "ಸರ್, ನಿಮಗೆ ಬೇರೆಯೇ ಜಾಗ" ಎಂದು ಅದರ ಹಿಂದೆ ಕುರ್ಚಿ ಇಟ್ಟ. ಶಿಷ್ಯನ ಗುರುಭಕ್ತಿ ನೋಡಿ ನನಗೆ ಸಂತೋಷವಾಯಿತು. ಮುಂದೆ ಮೈಕ್ ಕಾಣಲಿಲ್ಲ. ಕೇಳಿದ್ದಕ್ಕೆ "ದೂರದ ಮೈಕೇ ಸಾಕು ಸರ್, ನಿಮ್ಮದು ಗಟ್ಟಿ ಕೈ" ಎಂದ. ಒಳಗೆ ಬೆವರು ಧಾರಾಕಾರ. ನಾನೂ ಹುಲಿಯ ಬೆನ್ನೂ ಎದುರುಬದುರು. ಆಚೆಯಿಂದ ಲ್ಯಾನ್ಸಿಯ ದನಿ ಕೇಳುತ್ತಲೇ ಇತ್ತು. ಕ್ಲಾರಿನೆಟ್‌ನವರು ದುಃಖದ ದೃಶ್ಯವನ್ನೂ ದಿಬ್ಬಣದ ಹುರುಪಿನಲ್ಲಿ ಮುಗಿಸುತ್ತಿದ್ದರು, ಅವರಿಗೆ ಇನ್ನೊಮ್ಮೆ. ಕೊಳಲಿಗೆ ಇನ್ನೊಮ್ಮೆ. ಇಗರ್ಜಿಯವರಿಗೂ ಇನ್ನೊಮ್ಮೆ. "ನನ್ನದು?" ಎಂದು ನಾನು ಕಂಬಳಿಯೊಳಗಿಂದ ಕೂಗಿದರೆ, ಪ್ರತಿ ಸಲವೂ "ನಿಮ್ಮದು ತೊಂದರೆ ಇಲ್ಲ ಸರ್!" ಆ ರಾತ್ರಿ ಶಾರದೆಗೆ, ಎಲ್ಲರೂ ತಪ್ಪಿದರು, ನಾನೊಬ್ಬ ತಪ್ಪಲಿಲ್ಲ ಎಂದು ಹೇಳಿಕೊಂಡೆ. ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

ಒಂದು ತಿಂಗಳ ಮೇಲೆ ಮೂಡಬಿದ್ರೆಯ ಒಂದು ಸಭಾಭವನದಲ್ಲಿ ಸಿನೆಮಾ ತೋರಿಸಿದರು. ನನ್ನ ಒಂದು ಬದಿಗೆ ಶಾರದೆ, ಆಕೆಯ ಆಚೆ ಆಸ್ಯಮ್ಮ. ಪರದೆಯ ಮೇಲೆ ವಾದ್ಯದವರ ಹೆಸರುಗಳಲ್ಲಿ ನನ್ನದೇ ಮೊದಲು ಬಂತು. ಸಂಗೀತ ನಿಜಕ್ಕೂ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಅದರಲ್ಲಿ ನಾನಿಲ್ಲ ಎಂದು ಅರ್ಧ ಗಂಟೆಯಲ್ಲೇ ತಿಳಿಯಿತು. ಇಗರ್ಜಿಯವರ ಪಿಟೀಲು ಕೇಳಿತು, ಕೊಳಲು ಕೇಳಿತು, ಕ್ಲಾರಿನೆಟ್ ಕೂಡ ತೆಪ್ಪಗೆ ದುಃಖಿಸಿತು. ಊರಿನಲ್ಲೇ ಅತಿ ದಪ್ಪದ ಕಂಬಳಿಯನ್ನು ಕಾಡಿಬೇಡಿ, ನನ್ನ ಕೈಯಾರೆ ಹೊತ್ತು ತಂದವನು ನಾನೇ ಎಂಬುದು ಆಗ ನೆನಪಾಯಿತು. ಲ್ಯಾನ್ಸಿಯ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ಸಿನೆಮಾವನ್ನೂ ಉಳಿಸಬೇಕಿತ್ತು, ಮೇಷ್ಟರನ್ನೂ ಉಳಿಸಬೇಕಿತ್ತು, ಎರಡನ್ನೂ ಉಳಿಸಿದ್ದ. ನೋವಾದದ್ದು ಆಸ್ಯಮ್ಮನಿಗೆ ಕೊಟ್ಟ ಮಾತನ್ನು ನೆನೆದು. ಅವರು ಸೆರಗನ್ನು ಕಿವಿಯ ಹಿಂದೆ ಸರಿಸಿ ಕಾಯುತ್ತಲೇ ಇದ್ದರು.

ಮುಗಿದು ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. "ಕೇಳಿತು ಮಾಷ್ಟ್ರೇ! ಕೊನೆಗೆ ಅವನೊಬ್ಬನೇ ದೋಣಿಯನ್ನು ದಡಕ್ಕೆ ತರುವಾಗ ಬಂತಲ್ಲ, ಕುಂಯ್ ಅಂತ? ಕೇಳಿದ ಕೂಡಲೇ ಗೊತ್ತಾಯ್ತು, ನಿಮ್ಮದೇ ಅಂತ. ನಂಗೆ ಅಳು ಬಂತು."

ಆ ಜಾಗದಲ್ಲಿ ಸಂಗೀತವೇ ಇರಲಿಲ್ಲ. ಅದು ಹಳೆಯ ದೋಣಿಯ ಹಲಗೆ ಕಲ್ಲಿಗೆ ಉಜ್ಜಿದ ಸದ್ದು. ನಾನು ಬಾಯಿ ತೆರೆಯುವ ಮೊದಲೇ ಶಾರದೆ, "ಹೌದು ಆಸ್ಯಮ್ಮ, ಅದು ಇವರದ್ದೇ" ಎಂದುಬಿಟ್ಟಳು.

ಮರುದಿನ ಸಂಜೆ ಅವಳು ಕುಕ್ಕರ್ ಇಡದೆಯೇ, "ಬಾರಿಸಿ" ಎಂದಳು. ಬೇಲಿಯ ಆಚೆ ಆಸ್ಯಮ್ಮ ರಜೆಯಲ್ಲಿ ಬಂದಿದ್ದ ಗಂಡನನ್ನೂ ಕರೆದುಕೊಂಡು ಬಂದು ನಿಂತಿದ್ದರು. ಅವರಿಗೆ ಬೇಕಾದದ್ದು ಆ ದೋಣಿಯ ಸದ್ದೇ ಎಂದು ನನಗೆ ಗೊತ್ತಿತ್ತು. ಪಿಟೀಲು ಎತ್ತಿ, ಹಲಗೆ ಕಲ್ಲಿಗೆ ಉಜ್ಜುವುದನ್ನು ನೆನೆದು ಕಮಾನು ಎಳೆದೆ. ಇಷ್ಟು ವರ್ಷದ ಸಾಧನೆಯಲ್ಲಿ ಮೊದಲ ಎಳೆತಕ್ಕೇ ಒಂದಿಷ್ಟೂ ತಪ್ಪದೆ ಬಂದ ಸ್ವರ ಅದೊಂದೇ.