ಒಂದು ಬಾಟಲಿ ನೀಲಿ

ಇಷ್ಟಕ್ಕೆಲ್ಲ ಕಾರಣ ಒಂದು ಬಾಟಲಿ ನೀಲಿ ಶಾಯಿ.

ಸರ್ವೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ನಕ್ಷೆ ಬರೆಯುತ್ತಿದ್ದವನ ಮೇಜಿಗೆ ನೀಲಿ ಬರುತ್ತಿದ್ದದ್ದು ಕಣ್ಣಿನ ಔಷಧಿಯಷ್ಟು ಪುಟ್ಟ ಸೀಸೆಯಲ್ಲಿ. ಒಳನಾಡಿನ ಊರು, ಒಂದು ನದಿ, ನಾಲ್ಕು ಕೆರೆ. ಅಷ್ಟಕ್ಕೆ ಅದು ವರ್ಷವಿಡೀ ಸಾಕಾಗಿ ಮಿಗುತ್ತಿತ್ತು. ಆ ದಿನ ಬೆಳಿಗ್ಗೆ ನೋಡಿದರೆ ಮೊಳದುದ್ದದ ಬಾಟಲಿಯೊಂದು ಹೇಳದೆ ಕೇಳದೆ ಬಂದ ನೆಂಟನ ಹಾಗೆ ಮೇಜಿನ ಮೇಲೆ ಕೂತಿದೆ. ಉಗ್ರಾಣದವರು ತಪ್ಪಿ ಕಳಿಸಿರಬೇಕು ಎಂದುಕೊಂಡು ನಕ್ಷೆಗಾರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲುಗಾಡಿಸಿದ. ಒಳಗೆ ನೀಲಿ ಏರಿತು, ಇಳಿಯಿತು. ಇನ್ನೊಮ್ಮೆ ಅಲುಗಾಡಿಸಿದ. ಅಲ್ಲಿಗೆ ಆ ಬೆಳಗಿನ ಕೆಲಸ ಮುಗಿದ ಹಾಗೆಯೇ.

ಅವನು ಸಮುದ್ರ ನೋಡಿದವನಲ್ಲ. ಅದಿದ್ದದ್ದು ಗಡಿಯಾಚೆ, ಪಕ್ಕದ ದೇಶದಲ್ಲಿ. ಗಡಿಯಾಚೆಯ ಕಾಗದವನ್ನು ಬೆಳ್ಳಗೆ ಬಿಡಬೇಕೆಂಬುದು ಕಚೇರಿಯ ಕಟ್ಟಳೆ. ಆ ಗೆರೆಯನ್ನು ಸಾವಿರ ಸಲ ಎಳೆದ ಕೈ ಅವನದು, ಆದರೆ ನಿಬ್ಬಿನ ಮೊನೆಯನ್ನೂ ಅದರಾಚೆ ಇಟ್ಟಿರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ನಕ್ಷೆಯ ಮೂಲೆಯಲ್ಲಿ ಅಳೆದವರ ಹೆಸರು, ತಾಳೆ ನೋಡಿದವರ ಹೆಸರು, ಮೇಲಧಿಕಾರಿಯ ಹೆಸರು ಬರಬೇಕು, ಬರೆದವನದು ಬರಬಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ತನ್ನ ಹೆಸರು ಸೇರಿಸಿ, ಮುಖ್ಯ ಗುಮಾಸ್ತರ ಎದುರಿಗೇ ಬ್ಲೇಡಿನಿಂದ ಕೆರೆದು ತೆಗೆದಿದ್ದ. ಆಮೇಲೆ ಆ ಆಸೆ ಬಿಟ್ಟುಹೋಗಿತ್ತು.

ಬಾಟಲಿ ಕೆಳಗಿಡುವ ಹೊತ್ತಿಗೆ ಅವನಿಗೊಂದು ವಿಷಯ ನೆನಪಾಯಿತು. ವರ್ಷಕ್ಕೆ ಹತ್ತು ದಿನ ಗಡಿಯ ರಸ್ತೆಯನ್ನು ಮನೆ ಕಾರುಗಳಿಗೂ ಬಿಡುತ್ತಾರೆ. ಒಂದು ಕಾರಿಗೆ ಒಂದು ಪರವಾನಗಿ, ಅದರಲ್ಲಿ ಐದು ಜನ. ಐವರೂ ಕೂಡಿಯೇ ಹೋಗಬೇಕು, ಕೂಡಿಯೇ ಬರಬೇಕು. ಅರ್ಜಿ ಕೊಡಲು ಅಂದೇ ಕೊನೆಯ ದಿನ, ಸಂಜೆ ನಾಲ್ಕರವರೆಗೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿ ದಾರಿಯ ನಕ್ಷೆ ಹರಡಿದ. ಗಡಿಯವರೆಗಿನ ಪ್ರತಿ ತಿರುವು, ಪ್ರತಿ ಮೋರಿ ಅದರಲ್ಲಿತ್ತು. ಅದರಾಚೆ ಬರೀ ಬಿಳಿ. ಆ ಬಿಳಿಯ ಕೊನೆಯಲ್ಲಿ ಬೆರಳಿಟ್ಟು, "ಇಲ್ಲಿ" ಎಂದ ಹೆಂಡತಿಗೆ.

"ಇಲ್ಲಿ ಏನೂ ಇಲ್ವಲ್ರೀ."

"ಇದೆ. ನಾವು ಬರೆದಿಲ್ಲ, ಅಷ್ಟೇ."

ಹೆಂಡತಿ ಸ್ವಲ್ಪ ಹೊತ್ತು ಆ ಬಿಳಿಯನ್ನೇ ನೋಡಿದಳು. ಆಮೇಲೆ, ಹೋಗುವುದೇ ಆದರೆ ಅಮ್ಮನನ್ನು ಬಿಟ್ಟು ಹೋಗುವುದು ಹೇಗೆ, ಬಿಸಿ ಮರಳಿನಲ್ಲಿ ಮಂಡಿ ಹೂತಿಟ್ಟರೆ ನೋವು ಇಳಿಯುತ್ತದೆ ಎಂದು ಡಾಕ್ಟರೇ ಹೇಳಿದ್ದಾರಲ್ಲ ಎಂದಳು. ಒಳಕೋಣೆಯಿಂದ ಅತ್ತೆಯವರ ದನಿ ಬಂತು: "ನನಗೆ ಮುಂದಿನ ಸೀಟು, ಅಳಿಯಂದಿರೇ. ಹಿಂದೆ ಕೂತರೆ ತಲೆ ಸುತ್ತುತ್ತೆ." ಮಂಡಿ ನೋವಿನವರಿಗೆ ಕಿವಿ ಬಲು ಚುರುಕು.

ಅತ್ತೆಯ ಹಿಂದೆಯೇ ಭಾವಮೈದುನನ ಸವಾರಿ. ಗಡಿಯಾಚೆ ಗಾಡಿಗಳೆಲ್ಲ ರಸ್ತೆಯ ಬಲಕ್ಕೆ ಓಡುತ್ತವಂತೆ. "ನೀವು ನಿದ್ದೆಗಣ್ಣಲ್ಲೂ ಎಡಕ್ಕೇ ಓಡಿಸೋರು ಭಾವ. ಸ್ಟೀರಿಂಗ್ ನನಗೆ ಬಿಡಿ" ಎಂದು ಕಾರಿನ ಬೀಗದ ಕೈಯನ್ನು ಮೊಳೆಯಿಂದ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ನಕ್ಷೆಗಾರನಿಗೆ ಬೇಸರವೇನೂ ಆಗಲಿಲ್ಲ. ಓಡಿಸುವವನು ರಸ್ತೆ ನೋಡಬೇಕು. ಓಡಿಸದವನು ಕಿಟಕಿಗೆ ಹಣೆ ಆನಿಸಿಕೊಂಡು ಕೂರಬಹುದು. ಆಗಲೇ ಅವನ ಹಣೆಗೆ ಗಾಜಿನ ತಂಪು ತಾಗಿತ್ತು. ಬೆಟ್ಟ ಇಳಿಯುತ್ತ ಇಳಿಯುತ್ತ ಗಾಳಿಗೆ ಉಪ್ಪಿನ ವಾಸನೆ ಬಂದಿತ್ತು.

ಕಚೇರಿಗೆ ಮರಳಲು ಗೇಟು ತೆರೆದಾಗ, ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಮುದುಕ ಅಡ್ಡ ಬಂದ. ಒಂದು ಕಾಲದಲ್ಲಿ ಲಾರಿ ಓಡಿಸುತ್ತಿದ್ದವನು. ಜಗುಲಿಯಲ್ಲಿ ಕೂತು ಅಲೆಗಳ ಕತೆ ಹೇಳಿ ಹೇಳಿ, ಬೀದಿಯವರೆಲ್ಲ ಅವನನ್ನು ಸಮುದ್ರದ ತಾತ ಎಂದೇ ಕರೆಯುತ್ತಿದ್ದರು. ನಕ್ಷೆಗಾರನ ಕನಸಿನಲ್ಲಿ ಬರುತ್ತಿದ್ದ ಸಮುದ್ರವೂ ತಾತ ಹೇಳಿದ್ದೇ. ಇಂದು ತಾತ ಕತೆ ಹೇಳಲಿಲ್ಲ. ತೋಳು ಹಿಡಿದು ಗೋಡೆಯ ನೆರಳಿಗೆ ಎಳೆದ.

"ಯಾರಿಗೂ ಹೇಳ್ಬೇಡಪ್ಪ. ನಾನು ಅದನ್ನ ನೋಡೇ ಇಲ್ಲ. ಗಡೀಲಿ ಸರಕು ಇಳಿಸಿ ವಾಪಸ್ ಬರ್ತಿದ್ದೆ. ನಲವತ್ತು ವರ್ಷದಿಂದ ಸುಳ್ಳು ಹೇಳ್ತಿದೀನಿ. ಕಣ್ಣು ಮುಚ್ಚೋಕೆ ಮುಂಚೆ ಒಂದ್ಸಲ ಅದನ್ನ ನಿಜ ಮಾಡ್ಕೋಬೇಕು."

ಇಂಥ ಮಾತಿಗೆ ಇಲ್ಲ ಎನ್ನುವ ನಾಲಿಗೆ ನಕ್ಷೆಗಾರನಿಗಿರಲಿಲ್ಲ.

ಇನ್ನು ಉಳಿದದ್ದು ರಜೆ. ಮುಖ್ಯ ಗುಮಾಸ್ತರು ರಜೆ ಚೀಟಿಯನ್ನು ಒಮ್ಮೆ ಹಿಂದೆ, ಒಮ್ಮೆ ಮುಂದೆ ತಿರುಗಿಸಿ ನೋಡಿದರು. ಸಮುದ್ರಕ್ಕೋ ಎಂದು ಕೇಳಿದರು. ಕನ್ನಡಕ ತೆಗೆದು ಒರೆಸಿದರು. ತಮಗೂ ಆ ಕಡೆ ಹೋಗಿಬರುವ ಆಸೆ ಬಹಳ ದಿನದ್ದು, ಕಾರಿನಲ್ಲಿ ಜಾಗ ಇದ್ದರೆ ಸಹಿ ಹಾಕಲು ಕೈ ತಾನೇ ಏಳುತ್ತದೆ ಎಂದರು.

ನಕ್ಷೆಗಾರ ತನ್ನ ಮೇಜಿಗೆ ಬಂದು ಕಾರಿನ ಒಳಗಿನ ನಕ್ಷೆ ಬರೆದ. ಐದು ಸೀಟಿಗೆ ಐದು ಸುತ್ತು. ಮುಂದೆ ಭಾವಮೈದುನ, ಅತ್ತೆ. ಹಿಂದಿನ ಒಂದು ಕಿಟಕಿಗೆ ತಾತ, ಪಾಪ, ನಲವತ್ತು ವರ್ಷ ಕಾದವನು. ನಡುವೆ ಹೆಂಡತಿ. ಇನ್ನೊಂದು ಕಿಟಕಿಗೆ ಮುಖ್ಯ ಗುಮಾಸ್ತರು. ಎಲ್ಲ ಅಳತೆಗೆ ಸರಿಯಾಗಿ ಕೂತಿತು. ಹೆಸರುಗಳನ್ನು ಅರ್ಜಿಗೆ ಇಳಿಸಿದ. ಎಂಥ ಅಕ್ಷರ! ಗುಂಡಗೆ, ಹದವಾಗಿ, ಒಂದೊಂದೂ ಆಗತಾನೆ ಸ್ನಾನ ಮಾಡಿ ಬಂದ ಹಾಗೆ. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಪರವಾನಗಿ ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಹೆಂಗಸು ಬೆರಳು ಮಡಚಿ ಐದು ಎಣಿಸಿ, "ಎಷ್ಟು ಚೆನ್ನಾಗಿ ಬರೀತೀರಾ" ಎಂದು ಮೊಹರು ಒತ್ತಿದಳು. ಅವನ ಹಿಂದೆಯೇ ಕಿಟಕಿ ಮುಚ್ಚಿತು, ಮುಂದಿನ ವರ್ಷದವರೆಗೆ.

ದಾರಿಯುದ್ದಕ್ಕೂ ಅವನು ನಡೆಯಲಿಲ್ಲ, ತೇಲಿದ. ಸಂಜೆಯ ಬಿಸಿಲು ಬೀದಿಯ ಮೇಲೆ ಮರಳಿನ ಹಾಗೆ ಹರಡಿತ್ತು. ಒಗೆದು ಹಾಕಿದ ಬಟ್ಟೆಗಳು ಮಹಡಿಗಳಿಂದ ಹಾಯಿ ಬಿಚ್ಚಿಕೊಂಡಿದ್ದವು.

ಮನೆಯ ನಡುಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಭಾವಮೈದುನ ಪರವಾನಗಿ ಕಸಿದುಕೊಂಡು ಗಟ್ಟಿಯಾಗಿ ಓದತೊಡಗಿದ. ತನ್ನ ಹೆಸರು ಬಂದಾಗ ಒಬ್ಬೊಬ್ಬರೂ ಶಾಲೆಯ ಹಾಜರಿಯಂತೆ ತಲೆಯಾಡಿಸಿದರು. ಐದನೆಯ ಹೆಸರಿಗೆ ಮುಖ್ಯ ಗುಮಾಸ್ತರು ಆಡಿಸಿದರು. ಭಾವಮೈದುನ ಕಾಗದದ ಹಿಂಬದಿ ತಿರುಗಿಸಿ ನೋಡಿದ.

"ಭಾವ, ನಿಮ್ಮದೆಲ್ಲಿ?"

ಬೆಳಗಿನಿಂದ ಸೀಟು ಎಣಿಸಿದವರು ಆರು ಜನ. ಆರು ಜನರೂ ಒಬ್ಬನನ್ನೇ ಎಣಿಸಿರಲಿಲ್ಲ, ಆ ಒಬ್ಬನೂ ಸೇರಿ.

"ಬರೆದವನ ಹೆಸರು ಹಾಕಬಾರದಲ್ವಾ" ಎಂದ ನಕ್ಷೆಗಾರ ಸಣ್ಣ ದನಿಯಲ್ಲಿ. ಮುಖ್ಯ ಗುಮಾಸ್ತರು ಚಾವಣಿ ನೋಡಿದರು.

ಹೆಂಡತಿ, ಇವರಿಲ್ಲದೆ ತಾನು ಹೋಗುವುದಿಲ್ಲ ಎಂದು ನಿಂತಳು. ಒಬ್ಬರು ಕಡಿಮೆಯಾದರೆ ಉಳಿದ ನಾಲ್ವರೂ ಗಡಿ ದಾಟುವಂತಿಲ್ಲ. ಅತ್ತೆಯವರು ಮಂಡಿಯ ಮೇಲೆ ಕೈಯಿಟ್ಟರು. ತಾತ ಚಪ್ಪಲಿ ಹುಡುಕತೊಡಗಿದ. ನಕ್ಷೆಗಾರ ಅವನನ್ನು ಹಿಡಿದು ಕೂರಿಸಿ, "ಎಲ್ಲಾರೂ ಹೋಗಿಬನ್ನಿ" ಎಂದ. "ನೋಡಿ ಬಂದು ಹೇಳಿ. ಈ ಸಲ ನಿಜವಾದದ್ದು."

ತಮ್ಮ ಮನೆಗೆ ಹೊರಡುವಾಗ ಮುಖ್ಯ ಗುಮಾಸ್ತರು ಅವನನ್ನು ಬಾಗಿಲ ಬಳಿ ಕರೆದು, ಬೇಕಾಗಿಲ್ಲದ ರಜೆ ಚೀಟಿಯನ್ನು ನಾಲ್ಕಾಗಿ ಹರಿದು ಜೇಬಿಗಿಟ್ಟುಕೊಂಡರು.

"ಆ ಬಾಟಲಿ ತಪ್ಪಿ ಬಂದದ್ದಲ್ಲ, ನಕ್ಷೆಯವರೇ. ಮೇಲಿಂದ ಆದೇಶ ಬಂದಿದೆ. ಹೊಸ ನಕ್ಷೆ ಗಡಿ ಹತ್ರ ನಿಲ್ಲಲ್ಲ, ಸಮುದ್ರದವರೆಗೂ ಹೋಗುತ್ತೆ. ಒಬ್ಬರು ಹೋಗಿ ನೋಡ್ಕೊಂಡು ಬನ್ನಿ ಅಂದಿದ್ದರು. ನಿಮ್ಮನ್ನೇ ಕಳಿಸೋಣ ಅಂತ ಬೆಳಿಗ್ಗೆ ಯೋಚನೆ ಮಾಡಿದ್ದೆ. ಅಷ್ಟರಲ್ಲಿ ನೀವೇ ರಜೆ ಕೇಳ್ಕೊಂಡು ಬಂದಿರಿ. ಹೇಗೂ ಸ್ವಂತ ಖುಷಿಗೆ ಹೋಗೋರಿಗೆ ಕಚೇರಿ ಕೆಲಸ ಯಾಕೆ ಅಂತ ನನ್ನ ಹೆಸರನ್ನೇ ಬರೆದು ಕಳಿಸಿಬಿಟ್ಟೆ. ಇರಲಿ, ನಾನು ಬರೋವಷ್ಟರಲ್ಲಿ ನೀಲಿ ಬಳಿದಿಡಿ."

ಮರುದಿನ ಬೆಳಿಗ್ಗೆ ಅವನ ಕಾರು ಅವನಿಗೇ ಕೈಬೀಸಿ ಹೋಯಿತು. ನಕ್ಷೆಗಾರ ಕಚೇರಿಗೆ ಬಂದು ಗಡಿಯಾಚೆಯ ಬಿಳಿಯ ಮುಂದೆ ಕೂತ. ಬಾಟಲಿಯ ಮುಚ್ಚಳ ತೆಗೆದ. ನಿಬ್ಬು ಅದ್ದಿ, ಗೆರೆ ದಾಟಿಸಿ, ಆ ಬಿಳಿಯ ನಟ್ಟನಡುವೆ ಗುಂಡಗಿನ ಅಕ್ಷರದಲ್ಲಿ ಮೊದಲು ತನ್ನ ಹೆಸರು ಬರೆದ. ಅದು ಒಣಗುವವರೆಗೂ ನೋಡುತ್ತ ಕೂತ. ಆಮೇಲೆ ದೊಡ್ಡ ಕುಂಚ ತೆಗೆದುಕೊಂಡು ಅದರ ಮೇಲೆ ಸಮುದ್ರ ಬಳಿದ.