ಹತ್ತು ಸೆಕೆಂಡು ಅಲುಗಾಡಬೇಡಿ

ಕೆಲವರು ಸುಮ್ಮನೆ ರಸ್ತೆ ಬದಿಯಲ್ಲಿ ನಿಂತಿದ್ದರೂ ಸಾಕು, ಎಲ್ಲಿಂದಲೋ ಒಂದು ಎಡವಟ್ಟು ಹುಡುಕಿಕೊಂಡು ಬಂದು ಅವರ ಪಕ್ಕದಲ್ಲೇ ನಿಲ್ಲುತ್ತದೆ. ನಾನು ಆ ಜಾತಿಯವನು. ಮೈಸೂರಿನಲ್ಲಿದ್ದಾಗ ಅವು ಬರೀ ಎಡವಟ್ಟುಗಳಾಗಿದ್ದವು. ಒಮಾನಿಗೆ ಬಂದ ಮೇಲೆ ಅವಕ್ಕೆ ಸ್ವಲ್ಪ ದೆವ್ವದ ಗಾಳಿಯೂ ಸೋಕಿತು.

ಇದು ಎಣ್ಣೆ ಬೆಲೆ ನೆಲಕಚ್ಚಿದ ವರ್ಷಗಳ ಮಾತು. ನಾನು ರುಸೈಲ್‌ನ ಒಂದು ಪೈಪು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಎಣ್ಣೆ ಕಂಪನಿಗಳು ಪೈಪು ಕೊಳ್ಳುವುದನ್ನೇ ನಿಲ್ಲಿಸಿದ್ದರಿಂದ ಇನ್‌ಸ್ಪೆಕ್ಟ್ ಮಾಡಲು ನನ್ನ ಮುಂದೆ ಏನೂ ಇರುತ್ತಿರಲಿಲ್ಲ. ತಿಂಗಳಿಗೊಂದು ಪಟ್ಟಿ ಬರುತ್ತಿತ್ತು. ಅದರಲ್ಲಿ ಹೆಸರಿದ್ದವನ ವೀಸಾ ರದ್ದು, ಸಂಸಾರ ಸಮೇತ ಊರಿಗೆ. ಅಲ್ ಮವಾಲೇಹ್‌ನ ನಮ್ಮ ಕಟ್ಟಡದಲ್ಲಿ ಮೊನ್ನೆ ಮೊನ್ನೆಯವರೆಗೆ ಒಗ್ಗರಣೆ ವಾಸನೆ ಬರುತ್ತಿದ್ದ ಮನೆಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ನನ್ನ ಮಗಳು ಆಗ ಹತ್ತನೇ ಕ್ಲಾಸು. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅಲ್ಲಿಯವರೆಗೆ ಅಪ್ಪನ ಹೆಸರು ಪಟ್ಟಿಯಲ್ಲಿ ಬರದಿದ್ದರೆ ಸಾಕು ಅಂತ ನಾನು, ನನ್ನ ಹೆಂಡತಿ ದೇವರುಗಳನ್ನು ಹಂಚಿಕೊಂಡು ಬೇಡಿಕೊಳ್ಳುತ್ತಿದ್ದೆವು.

ಇಂಥ ಹೊತ್ತಿನಲ್ಲಿ ಆ ಲೆನ್ಸು ನಮ್ಮ ಮನೆಗೆ ಬಂತು.

ಹೋಗುವವರ ಸಾಮಾನು

ಊರಿಗೆ ಹೋಗುವವರು ಮನೆ ಸಾಮಾನು ಮಾರುವುದು ಆಗ ದಿನನಿತ್ಯದ ವಿಷಯ. ನನಗೆ ಫೋಟೊ ತೆಗೆಯುವ ಹುಚ್ಚು; ಒಂದು ಶುಕ್ರವಾರ ಕ್ಯಾಮೆರಾ ಸಾಮಾನು ಇದೆಯೆಂದು ಕೇಳಿ, ವಯಸ್ಸಾದ ಬಿಳಿಯ ಭೂಗರ್ಭಶಾಸ್ತ್ರಜ್ಞರೊಬ್ಬರ ಫ್ಲ್ಯಾಟಿಗೆ ಹೋದೆ. ಇಡೀ ಹಾಲ್ ಖಾಲಿ. ನಡುವೆ ನೆಲದ ಮೇಲೆ ದೂರದ್ದನ್ನು ಹತ್ತಿರ ತೋರಿಸುವ ಒಂದು ಹಳೆಯ ಕ್ಯಾಮೆರಾ ಲೆನ್ಸು ಮೂತಿ ಮೇಲೆ ಮಾಡಿ ನಿಂತಿತ್ತು. ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುವ ಕಾಲದ್ದು. ಎತ್ತಿದರೆ ಎಳೆ ಮಗುವಿನಷ್ಟು ಭಾರ.

"ಟ್ರೈಪಾಡ್ ಇಲ್ಲದೆ ಮುಟ್ಟಬೇಡ. ಕ್ಯಾಮೆರಾದ ಸೆಟ್ಟಿಂಗ್ ಐಎಸ್ಒ ನೂರು, ಅಪರ್ಚರ್ ಹದಿನಾರು. ಬದಲಾಯಿಸಬೇಡ" ಅಂದರು ಆತ.

"ಬದಲಾಯಿಸಿದರೆ?"

ಆತ ಬಾಗಿಲವರೆಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಇದು ಕೈಲಿದ್ದರೆ ಜನ ನಿನಗೆ ತೊಂದರೆ ಕೊಡುವುದಿಲ್ಲ" ಅಂದರು. ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಲಿಫ್ಟಿನಲ್ಲಿ ಇಳಿಯುವಾಗ ಆ ಮಾತು ನನಗೆ ಸರಿಬರಲಿಲ್ಲ.

ಮನೆಗೆ ತಂದಾಗ ಹೆಂಡತಿ ಅದನ್ನು ಮೇಲಿಂದ ಕೆಳಗೆ ನೋಡಿದಳು. "ಪಕ್ಕದ ಮನೆಯವ್ರಿಗೆ ಇಂಥ ಕಡೆ ಫ್ರಿಜ್ ಸಿಕ್ತು, ಮೇಲಿನ ಮನೆಯವ್ರಿಗೆ ವಾಷಿಂಗ್ ಮೆಷೀನ್ ಸಿಕ್ತು. ನಿಮಗೆ ಫಿರಂಗಿ ಸಿಕ್ತಾ?"

ಬದನೆಕಾಯಿ ಆರಿಸಿದವಳು

ಮಾರನೆಯ ವಾರ ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯಲ್ಲಿ ಲೆನ್ಸಿನ ಪರೀಕ್ಷೆಗೆ ನಿಂತೆ. ಹೆಂಡತಿಯನ್ನು ತರಕಾರಿಗೆ ಕಳಿಸಿ, ನಾನು ಕಾರು ನಿಲ್ಲಿಸುವ ಜಾಗದ ಆ ತುದಿಯಲ್ಲಿ ಟ್ರೈಪಾಡ್ ಊರಿದೆ. ಕ್ಯಾಮೆರಾದ ಪರದೆಯಲ್ಲಿ ಚಿತ್ರ ಮಬ್ಬಾಗಿ, ಮರಳು ಎರಚಿದಂತೆ ಕಾಣುತ್ತಿತ್ತು. ಹಳೆ ಲೆನ್ಸು ಅಂದರೆ ಹೀಗೇ ಇರಬೇಕು ಅಂದುಕೊಂಡೆ. ಬಟನ್ ಒತ್ತಿದರೆ ಒಮ್ಮೆ ಟಕ್ ಅಂದಿತು. ಬಹಳ ಹೊತ್ತಾದ ಮೇಲೆ ಇನ್ನೊಮ್ಮೆ ಟಕ್ ಅಂದಿತು. ಮುದಿ ಲೆನ್ಸಿಗೆ ಆಯಾಸ ಅಂತ ಅದನ್ನೂ ಕ್ಷಮಿಸಿದೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಮಾರುಕಟ್ಟೆಯಲ್ಲಿ ಜನವೇ ಇಲ್ಲ. ಕಿಕ್ಕಿರಿದ ಶುಕ್ರವಾರ ಬೆಳಗ್ಗೆ, ಒಂದು ನರಪಿಳ್ಳೆಯೂ ಇಲ್ಲ. ಟೊಮೇಟೊ ರಾಶಿ ಇದೆ, ತಕ್ಕಡಿ ಇದೆ, ತಳ್ಳುಗಾಡಿ ಇದೆ. ಇಡೀ ಚಿತ್ರದಲ್ಲಿ ಒಬ್ಬನೇ ಒಬ್ಬ ಮನುಷ್ಯ. ಕಲ್ಲಂಗಡಿ ರಾಶಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಒಮಾನಿ ಮುದುಕ, ನೇರವಾಗಿ ನನ್ನನ್ನೇ ನೋಡುತ್ತಿದ್ದ.

ಹೆಂಡತಿ ಹಿಂದಿನಿಂದ ಬಗ್ಗಿ ನೋಡಿದಳು. "ಅಗೋ, ಬದನೆಕಾಯಿ ಹತ್ರ ನೆಲದ ಮೇಲೆ ನನ್ನ ಬ್ಯಾಗಿದೆ. ನಾನೆಲ್ಲಿ?"

ನಾನು ಚಿತ್ರವನ್ನು ದೊಡ್ಡದು ಮಾಡಿ ಬದನೆಕಾಯಿ ಸುತ್ತಮುತ್ತ ಹುಡುಕಿದೆ.

"ಅರ್ಧ ಗಂಟೆ ಅಲ್ಲೇ ನಿಂತು ಆರಿಸಿದೀನಿ ಕಣ್ರೀ! ಹದಿನೆಂಟು ವರ್ಷದಿಂದ ನಾನಿರೋದು ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಸರಿ. ನಿಮ್ಮ ಲೆನ್ಸಿಗೂ ಬೀಳ್ಬಾರದಾ?"

ಮೂವರು

ನಮ್ಮ ಎಚ್‌ಆರ್ ಮ್ಯಾನೇಜರು ಬೆಂಗಳೂರಿನವರು. ಕೂತರೆ ಎಡಗಾಲು ಸದಾ ಅಲ್ಲಾಡುತ್ತಿರುತ್ತದೆ, ಮೇಜಿನ ಮೇಲಿನ ನೀರು ನಡುಗುತ್ತದೆ. ಸೇಫ್ಟಿ ಪೋಸ್ಟರಿಗೆ ಒಂದು ಗ್ರೂಪ್ ಫೋಟೊ ಬೇಕೆಂದು ಅವರು ನನ್ನನ್ನು ಕರೆದರು. ಹೊಸ ಲೆನ್ಸು ತೋರಿಸುವ ಚಪಲ ನನಗೆ. ಆದರೆ ಆ ಲೆನ್ಸಿನಲ್ಲಿ ಎಲ್ಲರೂ ಹಿಡಿಯಬೇಕಾದರೆ ಅರವತ್ತು ಮೀಟರ್ ದೂರ ಹೋಗಬೇಕು. ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ, ನಾನು ಲಾರಿಗಳು ನಿಲ್ಲುವ ಜಾಗದಾಚೆ ನಿಂತು, ಫೋನಿನಲ್ಲಿ "ಸ್ಮೈಲ್ ಮಾಡಲು ಹೇಳಿ ಸರ್" ಅಂದೆ.

ಮೊದಲ ಟಕ್ ಆದ ಕೂಡಲೇ ನಾನು ಕೈ ಎತ್ತಿದೆ. ಮುಗಿಯಿತೆಂದು ಮೂವರು ಅವಸರದಲ್ಲಿ ಕೆಲಸಕ್ಕೆ ನಡೆದರು. ಫೋಟೊದಲ್ಲಿ ಆ ಮೂವರು ಇರಲಿಲ್ಲ. ಅವರು ನಿಂತ ಜಾಗದಲ್ಲಿ ಗೋಡೆ ಮಾತ್ರ ಇತ್ತು. ಉಳಿದವರೆಲ್ಲ ಕೊಂಚ ಹೊಗೆ ಹೊಗೆ.

ಮುಂದಿನ ವಾರ ಬಂದ ಪಟ್ಟಿಯಲ್ಲಿ ಮೂರೇ ಹೆಸರು. ಅವೇ ಮೂರು.

ನಮ್ಮ ಸ್ಟೋರ್ ನೋಡಿಕೊಳ್ಳುವವರು ಬಂಟ್ವಾಳ ಕಡೆಯ ಬ್ಯಾರಿ, ಇಡೀ ಕಾರ್ಖಾನೆಗೆ ಕಾಕ. ಅವರು ನೋಟೀಸ್ ಬೋರ್ಡಿನ ಪಟ್ಟಿಯನ್ನೂ ಪಕ್ಕದ ಪೋಸ್ಟರನ್ನೂ ಬಹಳ ಹೊತ್ತು ನೋಡಿ, ನನ್ನನ್ನು ಸ್ಟೋರಿನೊಳಗೆ ಎಳೆದುಕೊಂಡು ಹೋದರು. "ಮಾರಾಯ್ರೆ, ನಿಮ್ಮ ಲೆನ್ಸಿಗೆ ಮೊದಲೇ ಹೇಗೆ ಗೊತ್ತಾಯ್ತು?"

"ಅದು ಹಾಗಲ್ಲ ಕಾಕಾ, ಏನೋ ಕಾಕತಾಳೀಯ."

"ಎಂತದೋ ಉಂಟು ಅದರಲ್ಲಿ. ಗೇಟಿನ ವಾಚ್‌ಮನ್‌ನ ನೋಡಿದ್ರಾ?"

ನೋಡಿದೆ. ಫೋಟೊದ ಮೂಲೆಯಲ್ಲಿ, ಕುರ್ಚಿಯಲ್ಲಿ ತಲೆ ವಾಲಿಸಿ ನಿದ್ದೆ ಹೋಗಿದ್ದ ವಾಚ್‌ಮನ್‌ನ ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ. ಅವನ ಕೆಲಸ ಇವತ್ತಿಗೂ ಇದೆ.

ಇಬ್ರಾದ ಮನೆ

ಅಲ್ಲಿಂದ ನನಗೆ ಆ ಲೆನ್ಸೆಂದರೆ ಭಯ. ಮಲಗುವ ಕೋಣೆಯಿಂದ ಅದನ್ನು ಹಾಲಿಗೆ ಸಾಗಿಸಿದೆ. ಮಗಳಿಗೆ ಮಾತ್ರ ನಗು. "ಅಪ್ಪಾ, ದೇರ್ ಈಸ್ ನೋ ಭೂತ. ಐ ವಿಲ್ ಫೈಂಡ್ ಔಟ್" ಅಂದಳು.

ಒಂದು ರಜೆಯಲ್ಲಿ ಇಬ್ರಾಕ್ಕೆ ಹೋದೆವು; ಮಗಳ ಹಟಕ್ಕೆ ಲೆನ್ಸೂ ಜೊತೆಗೆ ಬಂತು. ಅಲ್ಲಿ ಊರಿನ ಒಂದು ಭಾಗದಲ್ಲಿ ಜನ ಬಿಟ್ಟುಹೋದ ಹಳೆಯ ಮಣ್ಣಿನ ಮನೆಗಳಿವೆ. ಬಾಗಿಲ ಕೆತ್ತನೆ ಹಾಗೇ ಇದೆ, ಒಳಗೆ ಸೂರಿಲ್ಲ. ಅಷ್ಟು ಬಿಸಿಲಲ್ಲೂ ಆ ಓಣಿ ತಣ್ಣಗಿತ್ತು, ನಮ್ಮ ಮಾತು ನಮಗೇ ಎರಡು ಸಲ ಕೇಳುತ್ತಿತ್ತು. ನಾನು ಟ್ರೈಪಾಡ್ ಹೂಡುವಾಗ ಮಗಳು ಲೆನ್ಸಿನ ಹಿಂಭಾಗ ತಡವುತ್ತ ಒಂದು ಚಿಕ್ಕ ಗುಬುಟು ಒತ್ತಿ ಎಳೆದಳು. ಮೇಜಿನ ಖಾನೆಯಂತೆ ಒಂದು ಪುಟ್ಟ ಡ್ರಾಯರ್ ಹೊರಗೆ ಬಂತು. ಅದರಲ್ಲಿ ಕಾಡಿಗೆಯಂಥ ಕಪ್ಪು ಗಾಜು.

ಲೆನ್ಸಿನ ಮುಂದಿನ ಗಾಜು ತಟ್ಟೆಯಗಲ ಇರುವುದರಿಂದ ಅಲ್ಲಿ ಬೆಳಕು ತಡೆಯುವ ಫಿಲ್ಟರ್ ಹಾಕಲಾಗದು. ಅದಕ್ಕೇ ಇಂಥವಕ್ಕೆ ಬಾಲದ ಹತ್ತಿರ ಹೀಗೊಂದು ಖಾನೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮುಂದಿನಿಂದ ನೋಡಿ, ಫಿಲ್ಟರೇ ಇಲ್ಲ ಅಂತ ತಿಂಗಳುಗಟ್ಟಲೆ ನಂಬಿದ್ದೆ.

"ಇಷ್ಟು ಡಾರ್ಕ್ ಗ್ಲಾಸ್ ಅಪ್ಪಾ. ಅದಕ್ಕೇ ಟೆನ್ ಸೆಕೆಂಡ್ಸ್ ತಗೊಳ್ತಿದೆ. ಮೂವ್ ಆಗೋರು ರೆಕಾರ್ಡೇ ಆಗಲ್ಲ. ಲೆನ್ಸ್ ಮಾರಿದ ಅಂಕಲ್ ಕೋಟೆ ಫೋಟೊ ತೆಗೀವಾಗ ಟೂರಿಸ್ಟ್ಸ್ ಬರಬಾರದು ಅಂತ ಹಾಕಿರ್ತಾರೆ. ಸಿಂಪಲ್."

ಎದೆಯಿಂದ ಒಂದು ಬಂಡೆ ಇಳಿಯಿತು. ಆ ಡ್ರಾಯರನ್ನು ಜೇಬಿಗೆ ಹಾಕಿಕೊಂಡು, ಖಾನೆ ಖಾಲಿ ಬಿಟ್ಟು, ಸೆಟ್ಟಿಂಗ್ ಬದಲಾಯಿಸಿ, ಎದುರಿನ ಮನೆಯ ಫೋಟೊ ತೆಗೆದೆ. ಪರದೆ ನೋಡಿದವನು ಟ್ರೈಪಾಡ್ ಸಮೇತ ಹಿಂದೆ ಹಾರಿದೆ. ಆ ಮನೆಯ ಬಾಗಿಲಲ್ಲಿ ಉದ್ದನೆಯ ಬಿಳಿ ಆಕೃತಿಯೊಂದು ನಿಂತಿತ್ತು.

"ಸ್ಲಾಟ್ ಓಪನ್ ಇದೆಯಲ್ಲಪ್ಪಾ, ಲೈಟ್ ಒಳಗೆ ಹೋಗಿದೆ" ಅಂದಳು ಮಗಳು. ಆದರೆ ಅವಳೂ ನನ್ನ ತೋಳು ಹಿಡಿದಿದ್ದಳು.

ಓಣಿಯ ನೆರಳಲ್ಲಿ ಕೂತಿದ್ದ ಊರಿನ ಹಿರಿಯರೊಬ್ಬರು ಎದ್ದು ಬಂದರು. ಕ್ಯಾಮೆರಾ ಇಸಕೊಂಡು ಆ ಬಿಳಿ ಆಕೃತಿಯನ್ನು ನಿಧಾನವಾಗಿ ನೋಡಿದರು. ಬೆಳಕು ಒಳನುಗ್ಗಿದ ಕಥೆಯನ್ನು ನಾನು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ, ಅಷ್ಟೇ ಮುರುಕು ಹಿಂದಿಯಲ್ಲಿ ಸಮಾಧಾನ ಹೇಳಿದರು. "ಹೆದರಬೇಡ. ಇವನು ಒಳ್ಳೆಯವನು. ಪಕ್ಕದ ಮನೆಯವನು ಸರಿಯಿಲ್ಲ, ಆ ಕಡೆ ಮಾತ್ರ ತೆಗೀಬೇಡ."

ಡ್ರಾಯರ್ ಅಲ್ಲೇ ವಾಪಸ್ ಲೆನ್ಸಿನೊಳಗೆ ಹೋಯಿತು.

ಕುರ್ಚಿಗಳು

ಜನವರಿಯಲ್ಲಿ ಸುದ್ದಿ ಬಂತು. ಇನ್ನೊಂದು ಪಟ್ಟಿ ಬರುತ್ತದೆ, ಅದೇ ಕೊನೆಯದು. ಅದೇ ವಾರ ನಮ್ಮ ಒಮಾನಿ ಮಾಲೀಕರಿಗೆ ಕ್ಯಾಲೆಂಡರಿಗಾಗಿ ಉಳಿದ ಇಪ್ಪತ್ತೆರಡು ಜನರ ಫೋಟೊ ಬೇಕಾಯಿತು.

ನಾನು ಮಾರುಕಟ್ಟೆಯ ಫೋಟೊ ತೋರಿಸಿ, ಕಪ್ಪು ಗಾಜಿನ ವಿಷಯ ಎಲ್ಲರಿಗೂ ಬಿಡಿಸಿ ಹೇಳಿ, "ಮಾಮೂಲಿ ಲೆನ್ಸಲ್ಲಿ ತೆಗೀತೀನಿ" ಅಂದೆ. ಒಬ್ಬರೂ ಒಪ್ಪಲಿಲ್ಲ.

"ಆ ಲೆನ್ಸೇ ಆಗ್ಬೇಕು" ಅಂದರು ಕಾಕ. "ಪಟ್ಟಿ ಬರ್ತದೆ ಬರ್ತದೆ ಅಂತ ಕಾಯುದು ಉಂಟಲ್ಲ, ಅದು ನಮ್ಮಿಂದ ಆಗುದಿಲ್ಲ. ಇದ್ದೇವೋ ಇಲ್ವೋ, ಒಮ್ಮೆ ನೋಡಿಯೇ ಬಿಡುವ."

ಆಮೇಲೆ ಒಂದು ವಾರ ಚಹಾ ಹೊತ್ತಿಗೆಲ್ಲ ಅಭ್ಯಾಸ. ಕಾಕ ಗಡಿಯಾರ ಹಿಡಿದು ಎಣಿಸುವುದು, ಗಟ್ಟಿ ಆಳುಗಳೆಲ್ಲ ಉಸಿರು ಬಿಗಿಹಿಡಿದು ಕಣ್ಣು ಬಿಟ್ಟುಕೊಂಡು ನಿಲ್ಲುವುದು. ಅಂಗಳ ದಾಟುವಾಗ ಅವರನ್ನು ಕಂಡರೆ ನನಗೆ ಮೈ ಜುಂ ಅನ್ನುತ್ತಿತ್ತು. ಅಷ್ಟರಲ್ಲಿ ಯಾರೋ ಒಂದು ಸಂಶೋಧನೆ ಮಾಡಿದರು. ಮಾರುಕಟ್ಟೆಯ ಮುದುಕನೂ ಕೂತಿದ್ದ, ನಮ್ಮ ವಾಚ್‌ಮನ್ನೂ ಕೂತಿದ್ದ. ಕೂತವರು ಉಳಿಯುತ್ತಾರೆ! ಫೋಟೊ ದಿನ ಪ್ರತಿಯೊಬ್ಬನೂ ಒಂದೊಂದು ಕುರ್ಚಿ ಹೊತ್ತುಕೊಂಡು ಬಂದ. ಮುಂದಿನ ಸಾಲು ನೆಲದ ಮೇಲೆ, ಹಿಂದಿನ ಸಾಲಿನ ಕುರ್ಚಿಗಳು ಮರದ ಪ್ಯಾಲೆಟ್ ಮೇಲೆ. ಎಚ್‌ಆರ್ ಮ್ಯಾನೇಜರು ಮುಂಚೆಯೇ ಬಂದು, "ನಂಗೆ ಇದರಲ್ಲೆಲ್ಲ ನಂಬಿಕೆ ಇಲ್ಲಪ್ಪ" ಅನ್ನುತ್ತಾ ಕೈಯಿರುವ ಗಟ್ಟಿ ಕುರ್ಚಿ ಹಿಡಿದು ಕೂತರು.

ಮಾಲೀಕರು ಬಂದಾಗ ಯಾರೂ ಏಳಲಿಲ್ಲ. ಎದ್ದರೆ ಕುರ್ಚಿ ಹೋದೀತು ಅಂತ ಕೂತಲ್ಲಿಂದಲೇ ಸಲಾಂ ಹೇಳಿದರು. ಅವರು ಪಾಪ, ಏನೂ ಅರ್ಥವಾಗದೆ ನಡುವಿನ ಕುರ್ಚಿಯಲ್ಲಿ ಕೂತರು.

ಬಲತುದಿಯಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಯಾರದ್ದೆಂದು ಕೇಳಿದೆ.

"ನಿಮ್ಮದು" ಅಂದರು ಕಾಕ. ಆಮೇಲೆ ಮೆಲ್ಲಗೆ, "ಇಷ್ಟು ಸಮಯ ನೀವು ಒಂದು ಫೋಟೊದಲ್ಲಿಯೂ ಇಲ್ಲ ಮಾರಾಯ್ರೆ" ಅಂದರು.

ಕಪ್ಪು ಗಾಜು, ಹತ್ತು ಸೆಕೆಂಡು, ಎಲ್ಲ ಗೊತ್ತು ನನಗೆ. ಗೊತ್ತಿದ್ದೂ ಆ ಖಾಲಿ ಕುರ್ಚಿ ನೋಡಿ ಮಗಳ ಹಾಲ್ ಟಿಕೆಟ್ ಕಣ್ಣ ಮುಂದೆ ಬಂತು. ಬಟನ್ ಒತ್ತಲು ಯಾರನ್ನು ಕರೆದರೂ ಬರಲೊಲ್ಲರು. ಒತ್ತುವವನು ಫೋಟೊದಿಂದ ಹೊರಗಲ್ಲವೇ? ಉಳಿದದ್ದು ಟೈಮರ್ ಒಂದೇ. ಅದರ ಗಡುವೂ ಹತ್ತೇ ಸೆಕೆಂಡು. ಅರವತ್ತು ಮೀಟರ್, ನಲವತ್ತೆಂಟು ವಯಸ್ಸು, ಕಾಲಲ್ಲಿ ಕಬ್ಬಿಣದ ಮೂತಿಯ ಸೇಫ್ಟಿ ಬೂಟು.

ಒತ್ತಿದೆ, ಓಡಿದೆ. ಲಾರಿಗಳ ನಡುವೆ ಓಡಿದೆ. ಎದುರಿಗೆ ಇಪ್ಪತ್ತೊಂದು ಜನ ನಡುಮಧ್ಯಾಹ್ನದ ಬಿಸಿಲಲ್ಲಿ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದರು. ಯಾರೂ ನಗಲಿಲ್ಲ, ಯಾರೂ ಉಸಿರಾಡಲಿಲ್ಲ. ಸತ್ತವರ ಸಭೆಗೆ ತಡವಾಗಿ ಓಡಿ ಬರುತ್ತಿದ್ದೇನೆ ಅನ್ನಿಸಿತು. ಅಷ್ಟು ನಿಶ್ಶಬ್ದದಲ್ಲಿ ಮಾಲೀಕರೊಬ್ಬರೇ "ಖಲಾಸ್?" ಅಂದರು. ಉತ್ತರ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಬಂದು ಕುರ್ಚಿಗೆ ಬಿದ್ದೆ, ಏದುಸಿರನ್ನು ಹಲ್ಲು ಕಚ್ಚಿ ನುಂಗಿದೆ.

ಫೋಟೊದಲ್ಲಿ ಎಲ್ಲರೂ ಇದ್ದರು. ಕಾಕ ಕಡೆದಿಟ್ಟ ವಿಗ್ರಹ. ಎಚ್‌ಆರ್ ಮ್ಯಾನೇಜರೂ ಸ್ಪಷ್ಟ, ಆದರೆ ಮಂಡಿಯಿಂದ ಕೆಳಗೆ ಅವರ ಎಡಗಾಲು ಇರಲಿಲ್ಲ. ಬಲತುದಿಯ ಕುರ್ಚಿಯಲ್ಲಿ ನಾನು ಅರ್ಧ ಇದ್ದೆ. ನನ್ನ ಹೊಟ್ಟೆಯ ಮೂಲಕ ಕುರ್ಚಿಯ ಬೆನ್ನು, ಅದರ ಹಿಂದಿನ ಪ್ಯಾಲೆಟ್, ಎಲ್ಲ ಕಾಣುತ್ತಿತ್ತು.

ಆ ರಾತ್ರಿ ನಾನು ಮಲಗಲಿಲ್ಲ. ಅರ್ಧ ಅಂದರೆ ಏನು ಅಂತ ಯಾರನ್ನು ಕೇಳುವುದು?

ಪಟ್ಟಿ ಬಂತು. ಕೆಲಸಗಾರರೆಲ್ಲ ಉಳಿದರು. ಎಚ್‌ಆರ್ ಮ್ಯಾನೇಜರನ್ನು ವಾರಕ್ಕೆ ಮೂರು ದಿನ ಸೊಹಾರ್ ಶಾಖೆಗೆ ಹಾಕಿದರು. ಅವರ ಒಂದು ಕಾಲು ಅಂದಿನಿಂದ ಅಲ್ಲೇ. ನನಗೊಂದು ಬೇರೆ ಪತ್ರ ಬಂತು. ಮನೆ ಬಾಗಿಲಲ್ಲೇ ನಿಂತು ಒಡೆದೆ. ಪೈಪಿಲ್ಲದ ಕಾರ್ಖಾನೆಗೆ ಕ್ವಾಲಿಟಿ ವಿಭಾಗ ಬೇಡ, ಆದರೂ ವರ್ಷಗಳ ಸೇವೆ ಗಮನಿಸಿ ಮಾರ್ಚ್ ಕೊನೆಯವರೆಗೆ ಮುಂದುವರಿಸಲಾಗಿದೆ ಅಂತ ಇತ್ತು.

ಹೆಂಡತಿ ನೇರ ದೇವರ ಕೋಣೆಗೆ ಓಡಿದಳು. ನಾನು ಅಲ್ಲೇ ಸೋಫಾದ ಮೇಲೆ ಕೂತು, ನಾಚಿಕೆಯಿಲ್ಲದೆ ಅತ್ತೆ. ಪರೀಕ್ಷೆ ಮುಗಿಯುವುದೂ ಮಾರ್ಚ್ ಕೊನೆಗೇ.

ಮಗಳು ಪತ್ರವನ್ನು ಎರಡು ಸಲ ಓದಿದಳು. ಲ್ಯಾಪ್‌ಟಾಪಿನಲ್ಲಿ ಆ ಫೋಟೊ ತೆರೆದು, ನನ್ನ ಹೊಟ್ಟೆಯ ಮೂಲಕ ಕಾಣುವ ಕುರ್ಚಿಯನ್ನು ನೋಡಿ, ಪೆನ್ಸಿಲಿನಲ್ಲಿ ಏನೋ ಲೆಕ್ಕ ಹಾಕಿದಳು. ದೆವ್ವವಿಲ್ಲ ಭೂತವಿಲ್ಲ ಎನ್ನುತ್ತಿದ್ದ ಹುಡುಗಿ ತಲೆಯೆತ್ತಿ ಬಹಳ ಗಂಭೀರವಾಗಿ ಹೇಳಿದಳು:

"ಫೋರ್ ಸೆಕೆಂಡ್ಸ್ ಲೇಟ್ ಅಪ್ಪಾ. ಇನ್ನು ಎರಡು ಸೆಕೆಂಡ್ ಬೇಗ ಓಡಿದ್ರೆ ಜೂನ್ ತನಕ ಸಿಗ್ತಿತ್ತು."