ಟವೆಲ್ಲಿನ ಕೆಳಗಿನ ಅರ್ಥಶಾಸ್ತ್ರ

ಕುಂದಗೋಳದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಅರ್ಥಶಾಸ್ತ್ರದ ಪಾಠ ಹೇಳುತ್ತಿದ್ದೇನೆ. ಹಲಗೆಯ ಮೇಲೆ ಬೇಡಿಕೆಯದೊಂದು, ಪೂರೈಕೆಯದೊಂದು ಗೆರೆ ಎಳೆದು, ಅವು ಕೂಡುವಲ್ಲಿ ಚುಕ್ಕಿ ಇಟ್ಟು, ‘ಇದೇ ಬೆಲೆ’ ಎಂದು ಹೇಳುವಾಗಿನ ನನ್ನ ಗತ್ತನ್ನು ನೀವು ನೋಡಬೇಕು! ಆದರೆ ಸಂಶೋಧನಾ ಪತ್ರಿಕೆಯಲ್ಲಿ ನನ್ನ ಹೆಸರು ಒಮ್ಮೆಯೂ ಅಚ್ಚಾಗಿರಲಿಲ್ಲ. ಈ ವರ್ಷ ಅದನ್ನೂ ಮುಗಿಸಿಬಿಡೋಣ ಎಂದುಕೊಂಡೆ. ಅರ್ಥಶಾಸ್ತ್ರ ಗೊತ್ತು, ಟೈಪಿಂಗ್ ಗೊತ್ತು, ಇನ್ನೇನು ಬೇಕು? ಒಂದು ಸಾಲು ಬರೆಯುವ ಮೊದಲೇ ಪ್ರಬಂಧ ಬರಲಿದೆ ಎಂದು ಸಾರಿ, ಸ್ಟಾಫ್ ರೂಮಿನವರಿಗೆಲ್ಲ ಗಿರಮಿಟ್ ತಿನ್ನಿಸಿದೆ. ಇನ್ನು ಹೆಸರು ಅಚ್ಚಾಗದಿದ್ದರೆ ನಾನು ಆ ಕೋಣೆಗೆ ಕಾಲಿಡುವಂತಿರಲಿಲ್ಲ.

ವಿಷಯ, ಗುಡಗೇರಿ ಸಂತೆಯ ದನದ ವ್ಯಾಪಾರ. ಅಲ್ಲಿ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈಹಿಡಿದು ಬೆರಳು ಒತ್ತುತ್ತಾರೆ, ಬೆರಳಿಗೆ ಹತ್ತು ಸಾವಿರದಂತೆ. ಸುತ್ತ ನಿಂತವರಿಗೆ ಕಾಣುವುದು ಅವರ ಮುಖ ಮಾತ್ರ. ಈ ಪದ್ಧತಿಯಲ್ಲಿ ಇಬ್ಬರಿಗೂ ದನದ ಪೂರ್ಣ ತಿಳಿವಳಿಕೆ ಇರುತ್ತದೆ, ಯಾರೂ ಟೋಪಿ ಹಾಕಿಸಿಕೊಳ್ಳುವುದಿಲ್ಲ ಎಂಬುದೇ ನನ್ನ ಘನವಾದ ವಾದ. ಸಂತೆಯ ದಲ್ಲಾಳಿ ಮೌಲಾಸಾಬ್ ಕಾಕಾ ಒಂದೊಂದು ವ್ಯಾಪಾರ ಮುಗಿದ ಮೇಲೂ ನನ್ನ ಕಿವಿಯಲ್ಲಿ ಬೆಲೆ ಹೇಳುತ್ತಿದ್ದರು. ಹೀಗೆ ನಲವತ್ತು ವ್ಯವಹಾರಗಳು ನನ್ನ ನೋಟುಬುಕ್ಕು ಸೇರಿದವು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಸಂಶೋಧಕನಿಗೆ ಸ್ವಂತ ಅನುಭವವೂ ಬೇಕೆಂದು ಎಲ್ಲಿಯೋ ಓದಿದ್ದೆ. ಒಮ್ಮೆ ನಾನೂ ಕೈ ಹಾಕಿ ನೋಡುತ್ತೇನೆ ಎಂದೆ. ಕಾಕಾ ಬೇಡವೆಂದರು. ನಾನು ಕೇಳಲಿಲ್ಲ. ಎಮ್ಮೆ ಹಿಡಿದು ನಿಂತಿದ್ದ ಒಬ್ಬ ಮುದುಕನ ಮುಂದೆ ಹೋಗಿ ಕೈ ಚಾಚಿದೆ. ಟವೆಲ್ಲಿನ ಕೆಳಗೆ ಆತ ನನ್ನ ನಾಲ್ಕು ಬೆರಳು ಒತ್ತಿದ. ಹಿರಿಯರು ಇಷ್ಟು ವಿಶ್ವಾಸದಿಂದ ಒತ್ತಿದಾಗ ಸುಮ್ಮನಿರುವುದು ಮರ್ಯಾದೆಯಲ್ಲ ಎನಿಸಿತು. ನಾನು ಆತನ ಐದೂ ಬೆರಳು ಒತ್ತಿದೆ!

ಮುದುಕ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಎಮ್ಮೆಯ ಹಗ್ಗವನ್ನು ನನ್ನ ಕೈಗಿಟ್ಟ. ನಡೆದದ್ದನ್ನು ಕೇಳಿ ಕಾಕಾ ಅಲ್ಲೇ ಕುಕ್ಕರಿಸಿದರು.

“ಸರ, ಅಂವಾ ನಲವತ್ತು ಕೇಳ್ಯಾನ. ನೀವು ಐವತ್ತು ಕೊಟ್ಟೀರಿ.”

ಅದು ಸಂಶೋಧನೆಯೇ ಹೊರತು ವ್ಯಾಪಾರವಲ್ಲ ಎಂದು ನಾನು ವಿವರಿಸತೊಡಗಿದೆ.

“ಟಾವೆಲ್ಲಿನ ಕೆಳಗ ಕೊಟ್ಟ ಮಾತು ತಿರುಗಿ ತಗೊಳ್ಳಾಕ ಬರಂಗಿಲ್ರಿ” ಎಂದರು ಕಾಕಾ. “ತಗೊಂಡ್ರ ನಾಳಿಂದ ಈ ಸಂತ್ಯಾಗ ನಿಮಗ ಯಾರೂ ಬೆಲಿ ಹೇಳಂಗಿಲ್ಲ. ಹೇಳಿದ್ದನ್ನೂ ಬರೀಬ್ಯಾಡ್ರಿ ಅಂತಾರ.”

ಅಂದರೆ ಎಮ್ಮೆ ಬಿಟ್ಟರೆ ಪ್ರಬಂಧವೂ ಇಲ್ಲ. ನಾನು ಪ್ರಬಂಧವನ್ನು ಆರಿಸಿಕೊಂಡೆ. ವಿದ್ವತ್ತಿಗಾಗಿ ಎಮ್ಮೆ ಕೊಂಡ ಅರ್ಥಶಾಸ್ತ್ರಜ್ಞ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ! ಬಾಡಿಗೆ ಟೆಂಪೋದಲ್ಲಿ ಎಮ್ಮೆಯ ಬಾಜು ನಿಂತು, ತಲೆ ಎತ್ತಿಕೊಂಡೇ ಊರು ಹೊಕ್ಕೆ.

ನನ್ನ ಹೆಂಡತಿ ಸುಮಂಗಲಾ ಯರಗುಪ್ಪಿಯ ಒಕ್ಕಲುತನದ ಮನೆಯವಳು. ಅವಳು ಎಮ್ಮೆಯ ಬಾಯಿ ತೆರೆದು ನೋಡಿದಳು, ಕೆಚ್ಚಲು ಮುಟ್ಟಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಹಲ್ಲು ನೋಡಿದ್ದಿರಾ ಎಂದು ಕೇಳಿದಳು. ಬೆಲೆ ಬರೆದುಕೊಂಡಿದ್ದೇನೆ ಎಂದೆ.

“ಮುದುಕಿ ಆಗೇದರಿ ಇದು. ಹಾಲಿನ ಮಾತು ಮರತಬಿಡ್ರಿ” ಎಂದು ಅವಳು ಮೇವು ತರಲು ಹೋದಳು.

ಪ್ರಬಂಧ ಬರೆಯಲು ಕುಳಿತಾಗ ಧರ್ಮಸಂಕಟ ಎದುರಾಯಿತು. ಈ ನಲವತ್ತೊಂದನೆಯ ವ್ಯವಹಾರವನ್ನು ಬಿಟ್ಟರೆ ನನ್ನ ವಾದ ಭದ್ರ, ಸೇರಿಸಿದರೆ ವಾದಕ್ಕೇ ತೂತು. ಆದರೂ ನಾನು ಸತ್ಯವಂತ. ಸೇರಿಸಿದೆ! ಲೇಖಕ ಯಾರೆಂಬುದು ಪ್ರಬಂಧವನ್ನು ತೂಗಿ ನೋಡುವ ಪರೀಕ್ಷಕರಿಗೆ ತಿಳಿಯಬಾರದು ಎಂಬುದು ಪತ್ರಿಕೆಯ ನಿಯಮ. ಹಾಗಾಗಿ ‘ನಾನು’ ಎನ್ನದೆ ‘ಒಬ್ಬ ವಿದ್ಯಾವಂತ ಕೊಳ್ಳುಗ’ ಎಂದು ಬರೆದೆ. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟ ಆ ಮಹನೀಯರು ಎಮ್ಮೆಯಲ್ಲಿ ಇತರರಿಗೆ ಕಾಣದ ವಿಶೇಷ ಗುಣಗಳನ್ನು ಕಂಡಿರಬಹುದು ಎಂದು ಅರ್ಧ ಪುಟ ಸಮರ್ಥನೆಯನ್ನೂ ಸೇರಿಸಿದೆ. ನಿಜ ಹೇಳುತ್ತೇನೆ, ಇಡೀ ಪ್ರಬಂಧದಲ್ಲಿ ನನಗೆ ಅತ್ಯಂತ ಹೆಮ್ಮೆ ಎನಿಸಿದ್ದು ಆ ಅರ್ಧ ಪುಟವೇ.

ಆನ್‌ಲೈನ್ ಅರ್ಜಿಯಲ್ಲಿ, ಉತ್ತರವನ್ನು ಸಂಪಾದಕರಷ್ಟೇ ನೋಡುವ ಒಂದು ಪ್ರಶ್ನೆಯಿತ್ತು. ಈ ವಿಷಯದಲ್ಲಿ ಲೇಖಕರಿಗೆ ಏನಾದರೂ ಹಿತಾಸಕ್ತಿ ಇದೆಯೇ? ಏನು ಬರೆಯಲಿ ಎಂದು ಸುಮಂಗಲಾಳನ್ನು ಕೇಳಿದೆ. ಹಿತ್ತಲಿನಲ್ಲಿ ಸಗಣಿ ಬಳಿಯುತ್ತಿದ್ದವಳು ತಲೆ ಎತ್ತದೆ, ಹಿತವೂ ಇಲ್ಲ, ಆಸಕ್ತಿಯೂ ಇಲ್ಲ, ಎಮ್ಮೆಯಷ್ಟೇ ಇದೆ ಎಂದು ಬರೆಯಿರಿ ಎಂದಳು. ‘ಒಂದು ಎಮ್ಮೆ’ ಎಂದು ಟೈಪ್ ಮಾಡಿ ಕಳಿಸಿದೆ.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಒಂದು ತಿದ್ದುಪಡಿ ಮಾಡಿದರೆ ಪ್ರಬಂಧ ಸ್ವೀಕೃತ! ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಬಿಗಿಯಾಯಿತು. ಸುಮಂಗಲಾಳನ್ನು ಕರೆದು ಕೂಡಿಸಿ, ಪರೀಕ್ಷಕರ ಅಭಿಪ್ರಾಯವನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳತೊಡಗಿದೆ. ಮೊದಲ ಸಾಲುಗಳೆಲ್ಲ ಹೊಗಳಿಕೆಯೇ. ಅವಳ ಮುಖವೂ ಅರಳಿತು. ಆಮೇಲೆ ಇದು ಬಂತು.

‘ನಲವತ್ತೊಂದನೆಯ ವ್ಯವಹಾರದ ಕೊಳ್ಳುಗನಿಗೆ ಮಾರುಕಟ್ಟೆಯ ಗಂಧಗಾಳಿಯೂ ಇದ್ದಂತಿಲ್ಲ. ಇಂಥವರನ್ನು ಲೆಕ್ಕಕ್ಕೆ ಹಿಡಿದರೆ ಸಂತೆಯ ಜನರ ಜಾಣತನಕ್ಕೆ ಅಪಚಾರವಾಗುತ್ತದೆ. ಆತನನ್ನೂ, ಆತನ ದೂರದೃಷ್ಟಿಯ ಕುರಿತ ಅರ್ಧ ಪುಟವನ್ನೂ ತೆಗೆದುಹಾಕಬೇಕು.’

ಸುಮಂಗಲಾ ಅದನ್ನು ಇನ್ನೊಮ್ಮೆ ಓದಿಸಿದಳು.

“ಯಾರಿವರು? ಅಗದಿ ಶಾಣ್ಯಾರದಾರ ನೋಡ್ರಿ.”

ಎರಡು ದಿನ ನಾನು ಆ ಪ್ರಬಂಧವನ್ನು ತೆರೆಯಲೇ ಇಲ್ಲ. ಪ್ರಬಂಧದ ಮೇಲೆ ನನ್ನ ಹೆಸರು ಬರಬೇಕಾದರೆ ಅದರೊಳಗೆ ನಾನಿರಬಾರದು! ಆದರೆ ಸ್ಟಾಫ್ ರೂಮಿನವರು ದಿನವೂ ಕೇಳುತ್ತಿದ್ದರು. ಮೂರನೆಯ ದಿನ ನಲವತ್ತೊಂದನೆಯ ವ್ಯವಹಾರವನ್ನೂ ನನ್ನ ಮೆಚ್ಚಿನ ಅರ್ಧ ಪುಟವನ್ನೂ ಅಳಿಸಿ, ಸಂಪಾದಕರಿಗೆ ವಿನಯಪೂರ್ವಕ ಪತ್ರ ಬರೆದೆ.

‘ಮಾನ್ಯರೇ, ಸದರಿ ಕೊಳ್ಳುಗನನ್ನು ಪ್ರಬಂಧದಿಂದ ಕೈಬಿಡಲಾಗಿದೆ. ಪರೀಕ್ಷಕರ ಅಭಿಪ್ರಾಯ ಅಕ್ಷರಶಃ ನಿಜ. ಆತನನ್ನು ನಾನು ಬಹಳ ಹತ್ತಿರದಿಂದ ಬಲ್ಲೆ.’